ಇಪ್ಪತ್ನಾಲ್ಕು ಎಳೆಯ ಬೋರ್ಡು

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಲಕ್ಷ್ಮೇಶ್ವರದ ಪೇಟೆಯ ತುಂಬ ಹತ್ತಿಯ ಅಂಡಗಿ ಮೂಟೆಗಳನ್ನು ಹೇರಿದ ಚಕ್ಕಡಿಗಳು. ಬೇಲಿಗೆ, ಕಂಬಕ್ಕೆ, ಜನರ ಮೀಸೆಗೂ ಅರಳೆ ಅಂಟಿಕೊಂಡು, ಊರೇ ಸೋಪು ಹಚ್ಚಿಸಿಕೊಂಡು ಕ್ಷೌರಕ್ಕೆ ಕೂತಂತೆ ಕಾಣುತ್ತಿತ್ತು. ಟೆಲಿಫೋನ್ ಆಫೀಸಿನಲ್ಲಿ ಆಪರೇಟರ್ ಶ್ರೀಪಾದ ಮುಂಜಾನೆಯಿಂದ ಹಳೆಯ ಬೋರ್ಡಿನ ತಂತಿ ಬಿಚ್ಚುತ್ತಿದ್ದ. ಊರಿನ ಇಪ್ಪತ್ನಾಲ್ಕೂ ಫೋನುಗಳು ಆ ಒಂದೇ ಬೋರ್ಡಿನ ಮೇಲೆ ಜೀವ ಹಿಡಿದಿದ್ದವು. ಅದಕ್ಕೆ ಮುಪ್ಪು ಬಂದಿತ್ತು. ಇವತ್ತು ಅಷ್ಟೂ ತಂತಿಗಳು ಹೊಸ ಬೋರ್ಡಿಗೆ ಬಿಡಾರ ಬದಲಿಸಬೇಕು.

"ಸಂಜೀಕೆ ನಾ ಬರೂದ್ರಾಗ ಹೊಸಾ ಬೋರ್ಡು ಮಾತಾಡ್ತಿರಬೇಕು. ಮಾತಾಡಿದ್ರ ನಿಮಗ ಗದಗಿಗೆ ವರ್ಗ," ಎಂದಿದ್ದರು ಇಂಜಿನಿಯರ್ ರಾಮಚಂದ್ರರಾಯರು. ಗದಗಿನ ಶಾಲೆಯೊಂದರಲ್ಲಿ ಶ್ರೀಪಾದನ ಹೆಂಡತಿ ಜಾನಕೀಬಾಯಿ ಕಲಿಸುತ್ತಿದ್ದಳು. ಮದುವೆಯಾದಾಗಿನಿಂದ ಅವರ ಸಂಸಾರವೆಲ್ಲ ರವಿವಾರದ ಬಸ್ಸಿನಲ್ಲೇ ನಡೆದಿತ್ತು.

ಆದರೆ ತಂತಿ ಕೂಡಿಸಬೇಕಾದ ಲೈನ್‌ಮನ್ ಯಮನೂರಪ್ಪನೇ ಇಲ್ಲ. ಅಡರಕಟ್ಟಿ ಹಾದಿಯಲ್ಲಿ ಚಕ್ಕಡಿಯೊಂದು ಕಂಬಕ್ಕೆ ಗುದ್ದಿತೆಂದು ಅತ್ತ ಓಡಿದ್ದ. ಕಟ್ಟೆಯ ಮೇಲೆ ಸೀರೆಗಂಟು ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಬೆಟಗೇರಿಯ ನೇಕಾರ ಅಂದಾನಪ್ಪ ಒಳಗೆ ಇಣುಕಿದ.

"ಏನ್ರಿ ಶ್ರೀಪಾದರಾಯರ, ತಂತಿ ಮುಂದ ಕುಂತು ಜಪಾ ಮಾಡಾಕ ಹತ್ತೀರಿ?"

"ಕೂಡಸಾಂವ ಇಲ್ಲೋ ಮಾರಾಯ. ಇವತ್ತ ಆಗಲಿಲ್ಲಂದ್ರ ನನ್ನ ಗದಗ ಹೋತು."

"ಇಷ್ಟಕ್ಕ ಅಳತೀರೇನ್ರಿ? ಮಗ್ಗದಾಗ ಹಳೇ ಹಾಸಿನ ತುದಿಗೆ ಹೊಸಾ ಹಾಸು ಕೆಚ್ಚೂದು, ಅಂದ್ರ ಎಳಿಗೆ ಎಳಿ ಹೊಸೆದು ಕೂಡ್ಸೂದು, ನಮ್ಮ ಕಸಬು. ಸಾವಿರಗಟ್ಲೆ ಎಳಿ ಕೂಡಸಾಂವ ನಾ. ಇವೇನ್, ಇಪ್ಪತ್ನಾಕು ಎಳಿ! ಬಾಯಾಗಿನ ಎಲಿ ಅಡಿಕಿ ಮುಗಿಯೂದ್ರಾಗ ಕೈಗೆ ಕೊಡತೀನಿ."

ಶ್ರೀಪಾದ ಹೊಸ ಬೋರ್ಡಿನ ಮುಂದೆ ಕೂತು "ಒಂದು... ಎರಡು..." ಎನ್ನುತ್ತ ಒಂದೊಂದೇ ತಂತಿಯನ್ನು ಹಿಂದಕ್ಕೆ ದಾಟಿಸಿದ. ಅಂದಾನಪ್ಪ ಹಿಂದೆ ನಿಂತು, ಗೋಡೆಯಿಂದ ಸಾಲಾಗಿ ಇಳಿದಿದ್ದ ಊರಿನ ತಂತಿಗಳಿಗೆ ಅವನ್ನು ಹೊಸೆದು ಹೊಸೆದು ಕೂಡಿಸಿದ. ಗಂಟುಗಳು ಸೀರೆಯ ಸೆರಗಿನಷ್ಟು ಚೆಂದ ಬಂದವು.

ಫೋನೆತ್ತಿದವರ ನಂಬರಿನ ಪುಟ್ಟ ಬಾಗಿಲು ಬೋರ್ಡಿನ ಮೇಲೆ ಟಪ್ಪೆಂದು ಬೀಳುವುದು ರೂಢಿ. ಮೊದಲು ಬಿದ್ದದ್ದು ಇಪ್ಪತ್ತೆರಡು, ಪೊಲೀಸ್ ಠಾಣೆ. ಶ್ರೀಪಾದ ಎದ್ದು ನಿಂತ.

"ನಮಸ್ಕಾರ್ರೀ ಫೌಜದಾರ ಸಾಹೇಬ್ರ!"

"ಯಾವ ಫೌಜದಾರಲೇ? ನಾ ಹತ್ತಿ ಅಂಗಡಿ ಗವಿಸಿದ್ದಪ್ಪ. ಜಿನ್ನಿಂಗ್ ಮಿಲ್ ಕೊಡು, ಜಲ್ದಿ!"

ಮಿಲ್ಲು ಏಳನೆಯದು. ಶ್ರೀಪಾದ ಅದರ ತೂತಿಗೇ ತಂತಿಯ ಪಿನ್ನು ಚುಚ್ಚಿದ. ಆ ತುದಿಯಲ್ಲಿ ಫೋನೆತ್ತಿದವನು ದನದ ದವಾಖಾನೆಯ ಕಂಪೌಂಡರ್ ಮಹಬೂಬಸಾಬ.

"ಎಷ್ಟು ಬಂದಾವೋ?" ಗವಿಸಿದ್ದಪ್ಪ ಅಂಡಗಿ ವಿಚಾರಿಸಿದ.

"ಮುಂಗಾಲು ಎರಡೂ ಬಂದಾವ್ರಿ. ತಲಿ ಒಳಗೇ ಐತಿ. ಡಾಕ್ಟರು ಜಗ್ಗಾಕ ಹತ್ಯಾರ."

"ಹತ್ತಿಗೆ ಯಾವ ತಲಿಯೋ, ಕುಡದೀಯೇನು?"

ಶ್ರೀಪಾದ ಅವಸರದಿಂದ ಚುಚ್ಚಿದ್ದನ್ನು ಕಿತ್ತ. ಮೂರನೇ ನಂಬರಿನ ಗವಿಸಿದ್ದಪ್ಪ ಇಪ್ಪತ್ತೆರಡರಲ್ಲಿ ಬಂದಿದ್ದ. ಏಳಕ್ಕೆ ಚುಚ್ಚಿದರೆ ಹದಿನೆಂಟನೇ ನಂಬರಿನ ದವಾಖಾನೆ ಎದ್ದಿತ್ತು. ಅವನು ಬೋರ್ಡಿನ ಹಿಂದಕ್ಕೆ ಇಣುಕಿದ.

"ಅಂದಾನಪ್ಪ, ಗ್ವಾಡಿ ಕಡೆ ಯಾವ ತುದಿಯಿಂದ ಶುರು ಮಾಡಿದ್ಯೋ?"

"ಬಲಗಡೆಯಿಂದ್ರಿ. ಮೊದಲನೇ ಎಳಿ ಯಾವಾಗಲೂ ಬಲಕ್ಕ. ನಮ್ಮಜ್ಜ ಹಂಗ, ನಮ್ಮಪ್ಪ ಹಂಗ."

"ಸರಕಾರ ಎಡಕ್ಕಿಂದ ಎಣಸ್ತದೋ!"

"ಸರಕಾರ ಮಗ್ಗದ ಮುಂದ ಕುಂತಿಲ್ಲಂದ್ರ ನಾ ಏನ್ ಮಾಡ್ಲಿ?"

ಬಿಚ್ಚಿ ಮತ್ತೆ ಕೂಡಿಸೋಣವೆಂದು ಏಳುವಷ್ಟರಲ್ಲಿ ಹೊರಗೆ ಜೀಪಿನ ಹಾರ್ನು! ಅಂದಾನಪ್ಪ ಗಂಟೆತ್ತಿಕೊಂಡು ಹಿಂದಿನ ಬಾಗಿಲಿನಿಂದ ಮಾಯವಾದ. ಶ್ರೀಪಾದನಿಗೆ ಆ ಗಳಿಗೆಯಲ್ಲಿ ಎಂದೂ ಹೊಳೆಯದ ಬುದ್ಧಿ ಹೊಳೆಯಿತು: ಕೇಳಿದ ನಂಬರನ್ನು ಇಪ್ಪತ್ತೈದರಲ್ಲಿ ಕಳೆದರೆ ಮುಗಿಯಿತು!

ರಾಯರು ಮುಂದಿನ ಕೋಣೆಯ ಫೋನು ಹಿಡಿದು ಪರೀಕ್ಷೆಗೆ ನಿಂತರು. ಠಾಣೆ ಕೇಳಿದರು, ಶ್ರೀಪಾದ ಮೂರಕ್ಕೆ ಚುಚ್ಚಿದ, ಫೌಜದಾರರೇ ಕೆಮ್ಮಿದರು. ಮಿಲ್ಲು ಕೇಳಿದರು, ಹದಿನೆಂಟಕ್ಕೆ ಚುಚ್ಚಿದ, ಮಿಲ್ಲಿನ ಗದ್ದಲವೇ ಕೇಳಿಸಿತು. ಶ್ರೀಪಾದನ ಬಾಯಿ ಒಳಗೊಳಗೇ ಮಗ್ಗಿ ಹೇಳುವ ಹುಡುಗನಂತೆ ಪಿಟಿಪಿಟಿ ಎನ್ನುತ್ತಿತ್ತು. ಒಂದೂ ತಪ್ಪಲಿಲ್ಲ. ರಾಯರು ಹಿಗ್ಗಿ, ಬೋರ್ಡಿನ ಹಿಂದೆ ಅರಗಿನ ಮುದ್ರೆ ಒತ್ತಿದರು. ಪರವೂರಿಗೆಂದೇ ಬೇರೆ ಇದ್ದ ಟ್ರಂಕ್ ಲೈನಿನಲ್ಲಿ ಹುಬ್ಬಳ್ಳಿಯ ಮೇಲಿನ ಸಾಹೇಬರಿಗೆ, "ಲಕ್ಷ್ಮೇಶ್ವರ ಆತ್ರಿ, ಎಲ್ಲಾ ಪಕ್ಕಾ!" ಎಂದೂ ಹೇಳಿಬಿಟ್ಟರು. ಆಮೇಲೆ ಜೀಪಿನತ್ತ ತಿರುಗಿ ಕೂಗಿದರು.

"ವೆಂಕಟೇಶ, ಬಾರಪಾ. ಇನ್ನ ಈ ಖುರ್ಚಿ ನಿಂದು."

ಇಸ್ತ್ರಿ ಶರ್ಟಿನ ತರುಣನೊಬ್ಬ ಒಳಗೆ ಬಂದ. ತಾನು ಗದಗಿಗೆ ಹೋದರೆ ಇಲ್ಲಿ ಇನ್ನೊಬ್ಬ ಕೂರಬೇಕೆಂಬುದು ಶ್ರೀಪಾದನಿಗೆ ಇಡೀ ದಿನ ನೆನಪೇ ಆಗಿರಲಿಲ್ಲ.

ಇಪ್ಪತ್ತೆರಡರ ಬಾಗಿಲು ಟಪ್ಪೆಂದಿತು. ವೆಂಕಟೇಶ ನಂಬರು ನೋಡಿ, "ಹೇಳ್ರಿ ಫೌಜದಾರ್ರ," ಎಂದ. ಗವಿಸಿದ್ದಪ್ಪ ಮಿಲ್ಲು ಕೇಳಿದ. ವೆಂಕಟೇಶ ಏಳಕ್ಕೆ ಚುಚ್ಚಿದ.

"ಹೆಣ್ಗರಾ ಹುಟ್ಟೇತ್ರಿ!" ಮಹಬೂಬಸಾಬನ ಖುಷಿ ಕೋಣೆಗೆಲ್ಲ ಕೇಳಿಸಿತು.

ಶ್ರೀಪಾದ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ. ರಾಯರು ಅರಗಿನ ಮುದ್ರೆ ನೋಡಿದರು, ಟ್ರಂಕ್ ಫೋನು ನೋಡಿದರು, ಕೊನೆಗೆ ಶ್ರೀಪಾದನ ಬೆನ್ನು ತಟ್ಟಿದರು.

"ಹುಬ್ಬಳ್ಳಿಗೆ ಪಕ್ಕಾ ಅಂತ ಹೇಳಿಬಿಟ್ಟೀನಿ. ಇನ್ನ ಅರಗು ಒಡದ್ರ ನನ್ನ ಮರ್ಯಾದಿನೂ ಒಡೀತದ. ನಡಿಯೋ ಬೋರ್ಡು ಮುಟ್ಟಬಾರದು. ಇದನ್ನ ನಡಸಾಂವ ಈ ಜಿಲ್ಲಾದಾಗ ನೀವೊಬ್ರ. ನಿಮ್ಮನ್ನ ರಿಟಾಯರ್ ಆಗೂತನಾ ಇಲ್ಲಿಂದ ಅಲುಗಾಡಸಂಗಿಲ್ಲ! ವೆಂಕಟೇಶ, ನಡಿ, ಆ ಗದಗಿನ ಜಾಗಾಕ್ಕ ನೀನ ಹೋಗು."

ಜೀಪು ಧೂಳೆಬ್ಬಿಸಿ ಹೋಯಿತು. ಅಷ್ಟರಲ್ಲಿ ಟ್ರಂಕ್ ಲೈನು ಗುಂಯ್‌ಗುಟ್ಟಿತು. ಜಾನಕೀಬಾಯಿ.

"ಆತೇನ್ರಿ? ನಾ ಒಂದು ಮನಿ ನೋಡಿ ಬಂದೀನಿ. ಹಿತ್ತಲದಾಗ ನಳ ಅದ, ಸಂಪಿಗಿ ಗಿಡಾನೂ ಅದ. ಮಾಲಕರಿಗೆ ಏನ್ ಹೇಳ್ಲಿ?"

ಶ್ರೀಪಾದ ಹೊರಗೆ ಜೀಪಿನ ಧೂಳು ನೋಡುತ್ತ ಹೇಳಿದ.

"ವೆಂಕಟೇಶ ಅಂತ ಒಬ್ಬ ಹುಡುಗ ಬರ್ಲಿಕ್ಕತ್ಯಾನ. ಆ ಮನಿ ಅವಂಗ ಕೊಡಸು."