ಅಣ್ಣನ ಹೊಲದಲ್ಲಿ ನನ್ನ ವಿಮಾನ

ಮನೆಯಲ್ಲೇ ವಿಮಾನ ಕಟ್ಟಿದವನಿಗೆ ಆಕಾಶದಲ್ಲಿ ಯಾವ ತೊಂದರೆಯೂ ಇಲ್ಲ. ತಾಪತ್ರಯವೆಲ್ಲ ನೆಲದ ಮೇಲೆ, ಅದೂ ದಿನಕ್ಕೊಂದು. ರಾಣೆಬೆನ್ನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತ, ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಒದ್ದಾಡಿ ಎರಡು ಸೀಟಿನ ವಿಮಾನ ಕಟ್ಟಿದೆ. ಹಾರಿಸುವುದನ್ನು ಕಲಿತೆ, ಪರವಾನಗಿಯೂ ಬಂತು. ಬ್ಯಾಡಗಿ ಹತ್ತಿರದ ನಮ್ಮ ಹೊಲದಲ್ಲಿ, ವಿಮಾನ ಏರಿ ಇಳಿಯಲೆಂದು, ಉದ್ದಕ್ಕೊಂದು ಪಟ್ಟಿ ಹುಲ್ಲು ಬೆಳೆಸಿದೆ. ಹೊಲ ನೋಡಿಕೊಳ್ಳುವ ಅಣ್ಣ ಮಾತ್ರ ಗುಡುಗಿದ: "ಯುಗಾದಿ ಒಳಗ ನನ್ನ ಕಣ್ಣ ಮುಂದ ಹಾರಿಸಿ, ಇಳಿಸಿ ತೋರ್ಸು. ಇಲ್ಲಂದ್ರ ನೇಗಲಾ ಹೊಡದು ಗೋವಿನಜೋಳಾ ಬಿತ್ತಾಂವನ!"

ತೆಂಗಿನಕಾಯಿ

ಮೊದಲು ಪೂಜೆ. ಟ್ರ್ಯಾಕ್ಟರ್ ಪೂಜೆಯಲ್ಲಿ ಕೈ ಪಳಗಿದ ಪೂಜಾರಿಯವರು ಮೂರೂ ಗಾಲಿಗೆ ನಿಂಬೆಹಣ್ಣು ಇಟ್ಟರು. ಅಷ್ಟಕ್ಕೇ ಸುಮ್ಮನಿರಬಾರದೇ? ಕಾಯಿ ಎತ್ತಿಕೊಂಡು ಸೀದಾ ವಿಮಾನದ ಮೂತಿಯತ್ತ ನಡೆದರು. ಬಟ್ಟೆ ಬಿಗಿದ ಮೈ, ಕಟ್ಟಿಗೆಯ ಪಂಖಾ! ಓಡಿಹೋಗಿ ಅಡ್ಡ ನಿಂತೆ.

"ಬ್ಯಾಡ್ರಿ ಅಜ್ಜಾರ, ವಿಮಾನ ಮುರೀತೈತಿ!"

ಅವರು ಕೈ ಇಳಿಸಿ, ವಿಮಾನವನ್ನೂ ನನ್ನನ್ನೂ ನೋಡಿದರು. "ಒಂದು ಕಾಯಿ ಏಟು ತಡಿಯಂಗಿಲ್ಲ, ಇದರಾಗ ಮ್ಯಾಲ ಹೋಗಾಂವ ನೀನಾ? ಹಂಗಾರ ಪೂಜಿ ಇದಕ್ಕ ಬ್ಯಾಡ, ನಿನಗ ಮಾಡೋಣು."

ಗಾಳಿಚೀಲ

ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿಯಲು ಗಳದ ತುದಿಗೆ ಬಟ್ಟೆಯ ಚೀಲ ಕಟ್ಟಿದ್ದೆ. ಅದಕ್ಕೆ ಎರಡೂ ಕಡೆ ಬಾಯಿ ಇರಬೇಕು. ಒಂದು ಬೆಳಗ್ಗೆ ನೋಡಿದರೆ ಗಳ ಬೋಳು. ಸಂಜೆಗೆ ಪಕ್ಕದ ಹೊಲದ ಅಕ್ಕಾರು ಅದನ್ನು ಮಡಚಿಕೊಂಡು ಬಂದರು.

"ತಮ್ಮಾ, ನಿನ್ನ ಚೀಲದ ತಳಾ ಪೂರಾ ಹರದಿತ್ತಪಾ. ಗಂಡಸ್ರಿಗೆ ಎಲ್ಲಿ ಕಾಣಸ್ತೈತಿ? ಚಂದಂಗ ಹೊಲದು ತಂದೇನಿ."

ದಬ್ಬಳದಲ್ಲಿ ಹಾಕಿದ ಹೊಲಿಗೆ! ಹಲ್ಲು ಕಚ್ಚಿಕೊಂಡು ಬಿಚ್ಚುತ್ತ ಕೂತೆ. ಅಕ್ಕಾರು ಅದನ್ನು ಕಂಡು ಸೀದಾ ಅಣ್ಣನ ಬಳಿ ಹೋದರು: "ನಾ ಹೊಲದು ಕೊಟ್ಟ ಚೀಲಾ ನಿಮ್ಮ ತಮ್ಮ ಕುಂತ ಹರಿಯಾಕತ್ತಾನ. ಒಮ್ಮೆ ಡಾಕ್ಟರ್‌ಗೆ ತೋರ್ಸಿಬಿಡ್ರಿ."

ಇಳಿಯುವ ಜಾಗ

ಯುಗಾದಿ ಸಮೀಪಿಸಿತು. ಅಣ್ಣ ಬದುವಿನ ಮೇಲೆ ಕೈ ಕಟ್ಟಿ ನಿಂತ. ಹಾರಿದೆ! ಕಾಗಿನೆಲೆ ಕಡೆ ಒಂದು ಸುತ್ತು ಹಾಕಿ ಹೆಮ್ಮೆಯಿಂದ ಹಿಂದಿರುಗಿದರೆ, ಹುಲ್ಲಿನ ಪಟ್ಟಿ ಅರ್ಧ ಕೆಂಪಗಿದೆ. ಅಕ್ಕಾರು ಮೆಣಸಿನಕಾಯಿ ಹರವಿಬಿಟ್ಟಿದ್ದರು! ಸರಿಸಿರೆಂದು ಮೇಲಿನಿಂದ ಕೈಸನ್ನೆ ಮಾಡಿದೆ. ಕೆಳಗಿನವರೆಲ್ಲ ಖುಷಿಯಿಂದ ತಿರುಗಿ ಕೈ ಬೀಸಿದರು.

ಉಳಿದರ್ಧದಲ್ಲಿ ಜೀವ ಕೈಯಲ್ಲಿ ಹಿಡಿದು ಇಳಿಸಿದೆ. ವಿಮಾನವನ್ನು ತಿರುಗಿಸುವಾಗ ಪಂಖಾದ ಗಾಳಿ ಮೆಣಸಿನಕಾಯಿಯ ಮೇಲೆ ಬಡಿಯಿತು. ಕಸಕಡ್ಡಿ ಹಾರಿತು, ಘಾಟೆದ್ದಿತು, ಇಡೀ ಹೊಲ ಸೀನತೊಡಗಿತು. ಇಳಿದವನೇ ಅಕ್ಕಾರ ಮೇಲೆ ರೇಗಿದೆ.

"ವಿಮಾನ ಹೋತಲ್ಲಪಾ, ಜಾಗಾ ಖಾಲಿ ಬಿದ್ದಿತ್ತು," ಎಂದರು. "ಇಷ್ಟ ಲಗೂ ಬರ್ತಿ ಅಂತ ಯಾರಿಗೆ ಗೊತ್ತು?"

ಅಣ್ಣ ಮೂಗು ಒರೆಸಿಕೊಳ್ಳುತ್ತ ಬಂದ. ಕಸ ಹಾರಿದ ಕಡೆಗೇ ಒಂದಿಷ್ಟು ಹೊತ್ತು ನೋಡಿದ. "ಇಲ್ಲಿ ನೇಗಲಾ ಹೊಡಿಯಂಗಿಲ್ಲ, ಬಿಡು."

ಸುಳ್ಳೇಕೆ, ನನಗೆ ಅಳುವೇ ಬಂತು. ಕಾಲಿಗೆ ಬಗ್ಗಿದೆ. ಅಣ್ಣ ಭುಜ ಹಿಡಿದು ಎತ್ತಿದ.

"ಏನ್ ಗಾಳಿಪಾ ಅದು! ನಮ್ಮ ಕಡಲಿ ರಾಶಿ ತೂರಾಕ ಗಾಳಿ ಇಲ್ದ ಕಣದಾಗ ಹಂಗ ಬಿದ್ದೈತಿ. ನಾಳಿಂದ ಮ್ಯಾಲ ಗೀಲ ಹೋಗಬ್ಯಾಡ. ಚಾಲೂ ಮಾಡಿ ಇಲ್ಲೇ ಸುಮ್ಮನ ಕುಂದ್ರು."