ಮೊಮ್ಮಗಳಿಗೆ ಮೀಸೆ ಬಂದ ಕನಸು

ನಮ್ಮ ಸೋದರಮಾವ ಎಚ್ಚರವಿದ್ದಾಗ ಒಂದೇ ಒಂದು ತಪ್ಪನ್ನೂ ಮಾಡಿದವನಲ್ಲ. ಅವನ ತಪ್ಪುಗಳೆಲ್ಲ ನಿದ್ದೆಯಲ್ಲೇ ಹುಟ್ಟಿದವು! ಸವಣೂರಿನಲ್ಲಿ ಅವನದೊಂದು ಎಲೆತೋಟವಿದೆ. ವೀಳ್ಯದ ಬಳ್ಳಿಗಳ ಆ ಹಸಿರು ನೆರಳಲ್ಲಿ ಗಡಿಯಾರವೂ ತೂಕಡಿಸುತ್ತದೆ. ಮಧ್ಯಾಹ್ನ ಉಂಡು ಅಲ್ಲಿ ಅಡ್ಡಾದನೆಂದರೆ ಕನಸು ಬೀಳಲೇಬೇಕು, ಎದ್ದವನೇ ಅದರಂತೆ ನಡೆಯಲೇಬೇಕು. ಒಮ್ಮೆ ಊರಿನ ಕುರುಕಲು ಖಾರದ ಅಂಗಡಿಗಳೆಲ್ಲ ಮುಚ್ಚಿದಂತೆ ಕನಸಾಯಿತು. ಸಂಜೆಗೆ ಮನೆ ತುಂಬ ಖಾರದ ಡಬ್ಬಿಗಳು! ಇನ್ನೊಮ್ಮೆ ದುಂಡಸಿಯ ಬೀಗರು ತೀರಿಕೊಂಡಂತೆ ಕನಸಾಗಿ, ಬಸ್ಸು ಹತ್ತಿ ಅಳುತ್ತ ಹೋದ. ಬಾಗಿಲು ತೆಗೆದ ಬೀಗರೇ "ಯಾರು ಹೋದ್ರು ಬೀಗರ?" ಎಂದು ಇವನ ಜೊತೆ ಅಳತೊಡಗಿದರಂತೆ!

ಇಂಥವನ ಮೊಮ್ಮಗಳು, ಮೂರನೇ ಇಯತ್ತೆ ಓದುವವಳು, ಒಂದು ದಿನ ಶಾಲೆಯಿಂದ ಬಂದು, "ಅಜ್ಜಾ, ಹುಡುಗ ಆಗಿ ಹುಟ್ಟಿದವ್ರಿಗೂ ಒಮ್ಮೊಮ್ಮೆ ತಾವು ಹುಡುಗಿ ಅನ್ನಸ್ತೈತಂತ. ಹುಡುಗೀಗೆ ಹುಡುಗ ಅನ್ನಸ್ತೈತಂತ. ಸಾಲಿ ಅಕ್ಕೋರು ಹೇಳ್ಯಾರ" ಎಂದಳು. ಮರುದಿನ ಮಧ್ಯಾಹ್ನವೇ ಮಾಮಾನಿಗೆ ಕನಸು: ಮೊಮ್ಮಗಳಿಗೆ ಹುರಿಮೀಸೆ!

"ಆ ಪಾಠ ಬಿಡೂತನಕ ಕೂಸು ಸಾಲಿಗೆ ಹೋಗೂದಿಲ್ಲ" ಎಂದು ಫರ್ಮಾನು ಹೊರಟಿತು. ಶಾಲೆಯೆಂದರೆ ಪ್ರಾಣ ಬಿಡುವ ಹುಡುಗಿ ಪಾಟಿಚೀಲ ತಬ್ಬಿಕೊಂಡು ಕಟ್ಟೆಯ ಮೇಲೆ ಅಳುತ್ತ ಕುಳಿತಳು.

ಪಾಲಕರ ಸಭೆಗೆ ಮಾಮಾ ನನ್ನನ್ನೂ ಎಳೆದುಕೊಂಡು ಹೋದ. ಮೊಮ್ಮಗಳೂ ಬೆನ್ನು ಹತ್ತಿದಳು.

"ಅಕ್ಕೋರ, ಇಷ್ಟ ಸಣ್ಣ ಕೂಸಿಗೆ ಇದೆಲ್ಲಾ ಯಾಕ್ರಿ? ಮನಿಗೆ ಬಂದು ಕೇಳಿದ್ರ ನಾವೇನ್ ಹೇಳೂಣು?"

ಹಲವರು ತಲೆಯಾಡಿಸಿದರು. ಖರೆ ಹೇಳಬೇಕೆಂದರೆ ನಾನೂ ಆಡಿಸಿದೆ. ತಪ್ಪೇನು ಕೇಳಿದ?

ಅಕ್ಕೋರು ಸಿಟ್ಟಾಗಲಿಲ್ಲ. "ಮಕ್ಕಳ ಕೇಳಿದ್ರರಿ. ಬಾಗ್ಲಿಗೆ ಬರೂ ಜೋಗಪ್ಪ ಯಾಕ ಸೀರಿ ಉಡ್ತಾನ ಅಂತ. ತಿಳದಷ್ಟು ಹೇಳೇನಿ. ಯಾರನ್ನೂ ನೋಡಿ ನಗಬ್ಯಾಡ್ರಿ ಅಂತನೂ ಹೇಳೇನಿ."

ಮೊಮ್ಮಗಳು ಜಿಗಿದು ನಿಂತಳು. "ನಮ್ಮಜ್ಜನ ಮೂಗಿಗೂ ತೂತೈತ್ರಿ ಅಕ್ಕೋರ! ಸಣ್ಣಾಂವಿದ್ದಾಗ ಹುಡುಗ್ಯಾರಂಗ ಪರಕಾರ ಉಡ್ತಿದ್ನಂತ!"

ಸಭೆ ಘೊಳ್ಳೆಂದಿತು.

ಮಾತು ನಿಜ. ಮಾಮಾನಿಗಿಂತ ಮೊದಲು ಹುಟ್ಟಿದ ಗಂಡುಮಕ್ಕಳು ಉಳಿದಿರಲಿಲ್ಲ. ಇವನಾದರೂ ಉಳಿಯಲಿ, ಯಮನ ಕಣ್ಣು ತಪ್ಪಲಿ ಎಂದು ನಮ್ಮಜ್ಜಿ ಹರಕೆ ಹೊತ್ತು, ಮೂಗು ಚುಚ್ಚಿಸಿ, ಜಡೆ ಹೆಣೆದು ಹುಡುಗಿಯಂತೆ ಬೆಳೆಸಿದ್ದಳು. ಇದು ಮನೆಯವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಮಾಮಾ ಈಗ ಹೇಳಿದ.

"ಹೊಸದಾಗಿ ಸಾಲಿಗೆ ಹೋದಾಗ ಹಿಂಗ ಎಲ್ಲಾರೂ ನಕ್ಕಿದ್ರು. ಮಾಸ್ತರೂ ನಕ್ರು. ಓಡಿ ಹೋಗಿ ಎಲಿತ್ವಾಟದಾಗ ಅಡಗಿ ಮಲಗಿದ್ನಿ."

ನಗು ನಿಂತಿತು.

"ಅಕ್ಕೋರ, ಉಳದದ್ದು ಮಕ್ಕಳು ದೊಡ್ಡಾವ್ರಾದ ಮ್ಯಾಲ ನೋಡೂಣಂತ. ನಗಬಾರ್ದು ಅನ್ನೂದು ಮಾತ್ರ ಈಗ ಕಲಸ್ರಿ. ನಾಳೆ ಕೂಸಿನ್ನ ಕಳಸ್ತೇನಿ."

ಮರುದಿನ ಮೊಮ್ಮಗಳು ಕುಣಿಯುತ್ತ ಶಾಲೆಗೆ ಹೋದಳು. ಮಧ್ಯಾಹ್ನ ನಾನು ತೋಟಕ್ಕೆ ಹೋದಾಗ ಮಾಮಾ ಆಗಷ್ಟೇ ಎದ್ದು, ಬಳ್ಳಿಗಳ ನಡುವೆ ಮೂಗು ಸವರಿಕೊಳ್ಳುತ್ತ ಕುಳಿತಿದ್ದ.

"ಇವತ್ತೇನು ಕನಸು ಮಾಮಾ? ಎಲ್ಲಿಗೆ ಓಡಬೇಕು?"

"ಎಲ್ಲಿಗೂ ಬ್ಯಾಡ. ಅವ್ವ ಜಡಿ ಹೆಣದು ಸಾಲಿಗೆ ಬಿಟ್ಟು ಬಂದ್ಲು" ಎಂದ. "ಯಾರೂ ನಗಲಿಲ್ಲ."