ಓಸ್ತ್ರಾಸ್ ಮತ್ತು ಮರುವಾಯಿ ಸುಕ್ಕ

ಹೋದಲ್ಲೆಲ್ಲ ಏನನ್ನಾದರೂ ಎಡವುವ, ಬೀಳಿಸುವ ನನ್ನಂಥವನಿಗೆ ಬೈಗುಳವೂ ಅಲ್ಲದ, ಪ್ರಾರ್ಥನೆಯೂ ಅಲ್ಲದ ಒಂದು ಉದ್ಗಾರ ಬೇಕೇ ಬೇಕು. ಗಲ್ಫಿನ ರಾಸ್ ತನೂರಾದ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನವನು ಪಾಬ್ಲೊ, ಸ್ಪೇನಿನವನು. ಪ್ರಿಂಟರ್ ಕಾಗದ ನುಂಗಿದರೆ ಅವನು "ಓಸ್ತ್ರಾಸ್" ಅನ್ನುತ್ತಾನೆ. ಅಂದರೆ ಸಮುದ್ರದ ಚಿಪ್ಪುಮೀನು. ಸಿಟ್ಟು ಇನ್ನೂ ಏರಿದರೆ "ಮಿಯೆರ್ಕೋಲೆಸ್", ಅಂದರೆ ಬುಧವಾರ. ಬಾಯಿಗೆ ಬಂದ ಕೆಟ್ಟ ಮಾತನ್ನು ಅರ್ಧ ದಾರಿಯಲ್ಲಿ ತಿರುಗಿಸಿ ಬಿಡುವ ಉಪಾಯವಂತೆ ಇದು. ಬಾಸ್ ಕರೆದರೆ ಅವನಿಗೆ ಭಾನುವಾರವೂ ಬುಧವಾರವೇ.

ನಾನೂ ಕಲಿತೆ. ಆಗ ನಮ್ಮ ಮನೆಗೆ ಉಡುಪಿಯಿಂದ ನನ್ನ ಅತ್ತೆ ಬಂದಿದ್ದರು. ಕೊಂಕಣಿಯಲ್ಲಿ ನಾವು ಅತ್ತೆಗೆ ಮಾಂಯ್ ಅನ್ನುತ್ತೇವೆ. ಮಾವ ತೀರಿಹೋದ ಮೇಲೆ ಮಾಂಯ್‌ಗೆ ಮಾತೂ ಬೇಡ, ಊಟವೂ ಬೇಡ. ಮಗಳು, ಅಂದರೆ ನನ್ನ ಹೆಂಡತಿ ಲೀನಾ, ಏನು ಮಾಡಿ ಬಡಿಸಿದರೂ ಎರಡು ತುತ್ತು ತಿಂದು, ಸಾಕು ಎಂದು ಏಳುತ್ತಿದ್ದರು. ಲೀನಾ ಅಡುಗೆಮನೆಯಲ್ಲಿ ಒಬ್ಬಳೇ ಕಣ್ಣು ಒರೆಸಿಕೊಳ್ಳುವುದನ್ನು ನೋಡಿದ್ದೇನೆ.

ಒಂದು ಶುಕ್ರವಾರ ಬೆಳಿಗ್ಗೆ ಚಹಾದ ಲೋಟ ಕೈಜಾರಿತು. "ಓಸ್ತ್ರಾಸ್" ಎಂದೆ.

"ಎಂತ ಅದು?" ಮಾಂಯ್ ಕೇಳಿದರು.

"ಸ್ಪ್ಯಾನಿಷ್, ಮಾಂಯ್. ಚಿಪ್ಪು. ನಮ್ಮ ಮರುವಾಯಿ ಇದೆಯಲ್ಲ, ಅದರ ಜಾತಿ."

ಅವರು "ಇಲ್ಲಿ ಮರುವಾಯಿ ಸಿಗುತ್ತದಾ?" ಎಂದರು.

ಲೀನಾ ನನ್ನನ್ನು ನೋಡಿದಳು. ನೆಲ ಒರೆಸುವುದನ್ನು ಅಲ್ಲೇ ಬಿಟ್ಟು ಕಾರಿನ ಕೀ ಹುಡುಕಿದೆ. ಮೀನು ಮಾರ್ಕೆಟ್ಟಿನಲ್ಲಿ ತಾಜಾ ಸಿಗಲಿಲ್ಲ. ಸೂಪರ್ ಮಾರ್ಕೆಟ್ಟಿನ ಐಸ್ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಮಾಂಯ್ ಸೀರೆಯ ಸೆರಗು ಸಿಕ್ಕಿಸಿ ಸುಕ್ಕಕ್ಕೆ ತೆಂಗಿನಕಾಯಿ ತುರಿಯಲು ಕುಳಿತರು. "ಅವರಿಗೆ ಕಾಯಿ ಸ್ವಲ್ಪ ಜಾಸ್ತಿಯೇ ಬೇಕು," ಎಂದರು. ಮಾವನ ಸುದ್ದಿ ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಲೀನಾ ಪಕ್ಕದಲ್ಲಿ ಕುಳಿತು ಈರುಳ್ಳಿ ಹೆಚ್ಚಿದಳು. ಅಳುವುದಕ್ಕೆ ಒಳ್ಳೆಯ ನೆಪ.

ಇಷ್ಟಕ್ಕೆಲ್ಲ ಕಾರಣನಾದ ಪಾಬ್ಲೊನನ್ನು ಊಟಕ್ಕೆ ಕರೆಯದಿದ್ದರೆ ಹೇಗೆ? ಬಂದ. ಮೊದಲ ತುತ್ತಿಗೇ ಮುಖ ಕೆಂಪಾಗಿ, "ಮಾದ್ರೆ ಮೀಯಾ" ಎಂದ.

"ಮಾದ್ರ್ ಎಂದನಾ? ನಾನು ಎಂತ, ಕಾನ್ವೆಂಟಿನ ಸಿಸ್ಟರಾ?" ಮಾಂಯ್ ಹುಬ್ಬೇರಿಸಿದರು. ನಮ್ಮಲ್ಲಿ ಕನ್ಯಾಸ್ತ್ರೀಯರಿಗೆ ಮಾದ್ರ್ ಎನ್ನುವುದು.

"ಇಲ್ಲ ಮಾಂಯ್, ಅವರ ಭಾಷೆಯಲ್ಲಿ 'ನನ್ನ ಅಮ್ಮ' ಎಂದು ಅರ್ಥ."

ಖಾರಕ್ಕೆ ಹೇಳಿದ್ದು ಎಂದು ವಿವರಿಸುವಷ್ಟರಲ್ಲಿ ಮಾಂಯ್ ನಗುತ್ತಾ ಎದ್ದು, ಪಾತ್ರೆಯಲ್ಲಿ ಉಳಿದಿದ್ದ ಮರುವಾಯಿಯನ್ನೆಲ್ಲ "ತಿನ್ನು ಮಗಾ" ಎಂದು ಅವನ ತಟ್ಟೆಗೆ ಸುರಿದರು. ಮದುವೆಯಾದಂದಿನಿಂದ ಮಾಂಯ್, ಮಾಂಯ್ ಎಂದು ಕರೆಯುತ್ತಾ ಬಂದ ಅಳಿಯನಿಗೆ ಉಳಿದದ್ದು ಖಾಲಿ ಚಿಪ್ಪು.